ಬುರುಜಿನ ಒಡೆಯನಿಗೆ ಕತ್ತರಿ ಕೊಟ್ಟವಳು

ನಂಬದವರು ಈಗಲೇ ಎದ್ದು ಮನೆಗೆ ಹೋಗಬಹುದು. ದಾರಿಯಲ್ಲಿ ಬಾವಿ ಇದೆ… ಅಷ್ಟು ನೆನಪಿರಲಿ.

ಅದೇ ಬಾವಿಯ ಹತ್ತಿರ ಒಂದು ರಾತ್ರಿ ನನ್ನ ಸೋದರತ್ತೆಯ ಮಗಳು ಪೆರ್ಸಿದಾ ಬಂದು ನಿಂತಳು. ಶಾಲಿನೊಳಗೆ ಎಳೇ ಕೂಸು. ಕೈಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ. ಹಿಂದೆ ಅವಳ ಅತ್ತೆ ಸ್ತಾನಿಯಾ.

"ಬೇಡ ಕಣೇ… ಅವನು ಬರೋ ಹೊತ್ತು."

"ಅದಕ್ಕೇ ಬಂದಿದೀನಿ ಅತ್ತೆ."

ನಮ್ಮ ವ್ರಾನೊಗ್ರಾದ್ ಒಂದು ಕಾಲಕ್ಕೆ ದಾನ್ಯೂಬ್ ನದಿಯ ಗಡಿ ಕಾಯ್ದ ಕೋಟೆ. ನಮ್ಮ ತಾತ ಕೆಮ್ಮಿದರೆ ಆಚೆ ದಡದ ದಂಡು ಹಿಂದೆ ಸರಿಯುತ್ತಿತ್ತು. ಈಗ ಗೋಡೆಯ ಮೇಲೆ ಆಡು ಮೇಯುತ್ತವೆ. ಹೆಸರಿಗೊಬ್ಬ ಮೇಯರ್ ಇದ್ದಾನೆ. ಆದರೆ ಆಗ ಊರು ಆಳುತ್ತಿದ್ದವನು ಹಳೇ ಬುರುಜಿನ ಒಡೆಯ, ಸತ್ತು ನಾನೂರು ವರ್ಷವಾದವನು. ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವನ ಬೆತ್ತ ಯಾರ ಬಾಗಿಲು ತಟ್ಟಿತೋ, ಮರುರಾತ್ರಿ ಆ ಮನೆಯ ಕೂಸಿನ ರಕ್ತ ಅವನ ಪಾಲು. ಪೆರ್ಸಿದಾಳ ಎರಡು ಮಕ್ಕಳು ಹಾಗೇ ಹೋಗಿದ್ದವು. ಹಿಂದಿನ ರಾತ್ರಿ ಮತ್ತೆ ಬಾಗಿಲು ಸದ್ದಾಗಿತ್ತು.

ಮಕ್ಕಳು ಉಳಿಯದ ಮನೆಯವರು ನಮ್ಮಲ್ಲಿ ಕೂಸನ್ನು ದಾರಿಯಲ್ಲಿ ಮಲಗಿಸುತ್ತಾರೆ. ಮೊದಲು ಬಂದವನು, ಕಳ್ಳನಾಗಲಿ ವೈರಿಯಾಗಲಿ, ಅದರ ಒಂದೆಳೆ ಕೂದಲು ಕತ್ತರಿಸಿ 'ಕೂಮ'ನಾಗಬೇಕು. ಕೂಮನೆಂದರೆ ರಕ್ತಸಂಬಂಧಕ್ಕಿಂತ ಹತ್ತಿರದವನು, ಆ ಮನೆಗೆ ಕೇಡು ಬಗೆಯುವಂತಿಲ್ಲ. ಒಲ್ಲೆ ಅನ್ನುವಂತೆಯೂ ಇಲ್ಲ. ಜನ ಇದನ್ನು ಬೆಳಗಿನ ಹೊತ್ತು ಮಾಡುತ್ತಾರೆ. ಪೆರ್ಸಿದಾ ರಾತ್ರಿಯೇ ಕೂಸನ್ನು ಬಾವಿಯ ದಾರಿಯಲ್ಲಿ ಮಲಗಿಸಿದಳು.

ಟಕ್… ಟಕ್… ಕಲ್ಲುಹಾಸಿನ ಮೇಲೆ ಬೆತ್ತ. ಹೆಜ್ಜೆಯ ಸದ್ದಿಲ್ಲ. ಗಾಳಿಯಿಲ್ಲದೆ ಬಾವಿಯ ರಾಟೆ ಕಿರ್ ಎಂದಿತು.

"ದಾರಿ ಬಿಡು. ನಾನು ಈ ಊರಿನ ಒಡೆಯ."

"ಇರಬಹುದು. ಬಗ್ಗು ಒಡೆಯಾ, ಕತ್ತರಿ ತಗೋ. ನನ್ನ ಮಗನಿಗೆ ನೀನೇ ಕೂಮ."

ಅವನು ನಕ್ಕ. ಖಾಲಿ ಪೀಪಾಯಿ ಉರುಳಿದ ಹಾಗೆ. "ಆಗಲ್ಲ ಅಂದ್ರೆ?"

"ಒಲ್ಲೆ ಅಂದವನನ್ನ ಮಣ್ಣು ಒಳಗೆ ಸೇರಿಸಲ್ಲ. ಬೆಳಗಾದ್ರೆ ಎಲ್ಲಿ ಮಲಗ್ತೀಯಾ?"

ಸ್ತಾನಿಯಾ ಸೊಸೆಯ ಪಕ್ಕಕ್ಕೆ ಬಂದು ನಿಂತಳು.

"ನಮ್ಮ ಕೊಟ್ಟಿಗೇಲೂ ಜಾಗ ಇಲ್ಲಪ್ಪ," ಅಂದಳು ಮುದುಕಿ.

ಒಡೆಯ ಬಗ್ಗಿ ಕತ್ತರಿ ತಗೊಂಡ. ಚಕ್.

ಬೆಳಗಾಗುವಷ್ಟರಲ್ಲಿ ಸುದ್ದಿ ಊರೆಲ್ಲ. ಮರುರಾತ್ರಿ ಬಾವಿಯ ದಾರಿಯುದ್ದಕ್ಕೂ ಕೂಸುಗಳು, ಸಂತೆಯಲ್ಲಿ ಕುಂಬಳಕಾಯಿ ಸಾಲಿಟ್ಟ ಹಾಗೆ! ಒಡೆಯನಿಗೆ ಊರೆಲ್ಲ ನೆಂಟರಾದರು. ಕಚ್ಚಲು ಒಂದು ಕುತ್ತಿಗೆಯೂ ಉಳಿಯಲಿಲ್ಲ.

ಪೆರ್ಸಿದಾಳ ಮಗ ಈಗ ನನಗಿಂತ ಎತ್ತರ. ಕೂಮನಾದವನು ವರ್ಷಕ್ಕೊಂದು ಅಂಗಿ ಕೊಡಬೇಕು, ಪದ್ಧತಿ. ಪ್ರತಿ ಹುಟ್ಟುಹಬ್ಬದ ಬೆಳಗ್ಗೆ ಅವನ ಹಾಸಿಗೆಯ ಕಾಲ್ಬದಿಗೆ ಹೊಸ ಅಂಗಿ ಮಡಿಸಿಟ್ಟಿರುತ್ತದೆ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದು ಹಾಕಿದಂತೆಯೇ. ಅಳತೆ ಒಮ್ಮೆಯೂ ತಪ್ಪಿಲ್ಲ.

ಬೇರೆ ಕತೆಗಳಿಗೆ ನಾನು ಉಪ್ಪುಖಾರ ಹಚ್ಚಿರಬಹುದು. ಇದಕ್ಕಿಲ್ಲ. ಹೋದ ವರ್ಷದ ಅಂಗಿ ನಾನೇ ಮೂಸಿ ನೋಡಿದ್ದೇನೆ… ಹಸಿ ಮಣ್ಣಿನ ವಾಸನೆ.