ರಾಣಿ ರೂಪಾಯಿ, ಖರೇನೋ ಖೋಟಾನೋ

...ನಗಬ್ಯಾಡೋ ಅರುಣ, ಮೊದಲ ಪೂರಾ ಕೇಳು, ಆಮ್ಯಾಲ ನಗು. ನಿಮ್ಮ ಸಂಗಣ್ಣ ಮಾಮಾ ಇಂಗಳೇಶ್ವರದಿಂದ ಬಾಗೇವಾಡಿತನಾ ಬಸ್ಸಿನ ಬಾಗಿಲದಾಗ ಒಂಟಿಗಾಲ ಮ್ಯಾಲ ನಿಂತು ಬಂದಾನ. ನೀ ನಿನ್ನ ಇಂಟರ್ನೆಟ್ ಅಂಗಡಿಯಾಗ ತಿರುಗೋ ಕುರ್ಚಿ ಮ್ಯಾಲ ಕುಂತು ಹಲ್ಲು ಕಿಸದ್ರ ಹೆಂಗ? ಒಂದು ರೂಪಾಯಿ ಮಾರಾಕ ಇಷ್ಟು ದೂರ ಬಂದ್ರ ಯಾರಾದ್ರೂ ನಗ್ತಾರ, ಒಪ್ಕೊಂಡೆ. ಖರೆ ಇದು ಅಂಥಾ ರೂಪಾಯಿ ಅಲ್ಲ. ನೋಡಿಲ್ಲಿ... ಏ, ಕೈಯಾಗ ಕೊಡೂದಿಲ್ಲ, ದೂರಿಂದ ನೋಡು. ರಾಣಿ ಛಾಪ. ವಿಕ್ಟೋರಿಯಾ ರಾಣಿ. ಹಿಂದ ಇಸ್ವಿ ಐತಿ, ಹದಿನೆಂಟನೂರಾ ಅರವತ್ತೆರಡು. ನಿಮ್ಮ ಮುತ್ಯಾನ ಮುತ್ಯಾ ಲಂಗೋಟಿ ಕಟ್ಟಿರಲಿಲ್ಲ ಆವಾಗ.

ಇದನ್ನ ಇಂಟರ್ನೆಟ್ಟಿಗೆ ಹಾಕ್ಬೇಕು. ಅಷ್ಟ ಕೆಲಸ. ನೀ ಫೋಟೋ ಹೊಡಿ, ಹಾಕು, ಮುಂಬೈದಾಂವೋ ದಿಲ್ಲಿಯಾಂವೋ ರೊಕ್ಕಾ ಕಳಸ್ತಾನ, ನಾ ಊರಿಗೆ ಹೋಗ್ತೇನಿ. ಮತ್ತ ಇನ್ನೊಂದು, ನಿಮ್ಮವ್ವನ ಮುಂದ ಬಾಯಿ ಬಿಡಬ್ಯಾಡ. ಯಾಕ ಅಂದ್ರ... ಯಾಕಿಲ್ಲ. ವಿಜಿ ನನಗ ಒಬ್ಬಾಕಿನ ತಂಗಿ. ಆಕಿ ತಿಳ್ಕೊಂಡ್ಲಂದ್ರ ನಾ ಆ ಮನಿ ಹೊಸ್ತಿಲ ತುಳಿಯಾಂಗಿಲ್ಲ. ಅಲ್ಲಪಾ, ಹೆಣ್ಣಮಕ್ಕಳಿಗೆ ಈ ವ್ಯವಹಾರ ತಿಳಿಯೂದಿಲ್ಲ, ಅಷ್ಟ ಅಂದೆ. ನೀ ಯಾಕ ಹುಬ್ಬು ಏರಸ್ತಿ?

ಏನಂದಿ? ಖೋಟಾ ಇದ್ರ? ಇದೊಂದು ಛಲೋ ಕೇಳಿದಿ. ಖೋಟಾ ಮಾಲು ಹಾಕಿದ್ರ ನಿನ್ನ ಹೆಸರು ಕೆಡತೈತಿ, ತಗೊಂಡಾಂವ ಕಂಪ್ಲೇಂಟ್ ಕೊಡ್ತಾನ, ಅದೂ ಬರೋಬ್ಬರಿ. ಅದಕ್ಕ ನಾ ಪರೀಕ್ಷಾ ಮಾಡ್ಕೊಂಡ ಬಂದೇನಿ. ಮೂರು ಪರೀಕ್ಷಾ. ನೀ ಪಿಯುಸಿ ಎರಡು ಸಲ ಬರದಿ, ಇದು ಮೂರೂ ಒಂದ ಸಲಕ್ಕ ಪಾಸ್ ಆಗೈತಿ.

ಮೊದಲನೇದ್ದು ಮ್ಯಾಗ್ನೆಟ್. ನಮ್ಮನಿ ಟೇಪ್ ರಿಕಾರ್ಡರ್ ಇತ್ತಲ್ಲಾ, ಅದರ ಸ್ಪೀಕರ್ ಒಡದು ಮ್ಯಾಗ್ನೆಟ್ ತಗದೆ. ನಿಮ್ಮತ್ತಿ ಎರಡು ಹೊತ್ತು ರೊಟ್ಟಿ ಹಾಕಲಿಲ್ಲ, ಇರಲಿ. ರೂಪಾಯಿ ಮುಂದ ಹಿಡದೆ. ಅಂಟಲಿಲ್ಲ. ಬೆಳ್ಳಿ ಅಂಟೂದಿಲ್ಲ, ತಿಳೀತಾ? ...ಏನು? ತಾಮ್ರಾನೂ ಅಂಟೂದಿಲ್ಲಾ? ಸೀಸಾನೂ ಅಂಟೂದಿಲ್ಲಾ? ಹಿತ್ತಾಳಿ? ಹಂಗಾದ್ರ ಟೇಪ್ ರಿಕಾರ್ಡರ್ ಪುಕ್ಕಟ ಹೋತಲ್ಲೋ.

ಇರಲಿ, ಎರಡನೇದ್ದು ಕೇಳು. ಸಪ್ಪಳ. ನಮ್ಮ ಮನಿ ಮುಂದಿನ ಶಹಾಬಾದಿ ಕಲ್ಲಿನ ಮ್ಯಾಲ ಕೈಬಿಟ್ಟೆ. ಠಣ್ ಅಂತು ನೋಡು, ಠಣ್ಣ್... ಅಂತ ಎಷ್ಟೋ ಹೊತ್ತು ಗುಂಯ್ ಗುಡ್ತು. ಖೋಟಾದ್ದು ಹಂಗ ಅನ್ನೂದಿಲ್ಲ. ಡಬ್ ಅಂತೈತಿ, ಒದ್ದಿ ಗೋಡಿಗೆ ಗುದ್ದಿದಂಗ. ಬಾಜೂ ಮನಿ ಸಿದ್ದಲಿಂಗವ್ವ ಹೊರಗ ಬಂದು, 'ಏನ್ ಬಿತ್ತೋ ಸಂಗಣ್ಣಾ' ಅಂದ್ಲು. 'ಗುಡಿ ಗಂಟಿ ಬೇ' ಅಂದೆ. ಕೈ ಮುಗದು ಒಳಗ ಹೋದ್ಲು.

ಮೂರನೇದ್ದು ಬೆಳ್ಳಿ ಬಂಗಾರದ ಕೆಲಸಾ ಮಾಡೋ ಪತ್ತಾರನ ಪರೀಕ್ಷಾ. ಮುದ್ದೇಬಿಹಾಳದಾಗ ಗುರಣ್ಣ ಪತ್ತಾರ ಅಂತ ಅದಾನ, ಅವನ ಕಡೆ ಹೋದೆ. ಇಲ್ಲಿ ಬಾಗೇವಾಡಿಯೊಳಗ ಪತ್ತಾರರು ಇಲ್ಲೇನು ಅಂತಿ? ಅದಾರ. ನನಗ ಆ ಕಡೆ ಕೆಲಸ ಇತ್ತು. ನಾಲತವಾಡಕ್ಕ ಎಮ್ಮಿ ನೋಡಾಕ ಹೋಗಿದ್ದೆ. ನಮ್ಮಲ್ಲಿ ಎಮ್ಮಿ ಕಟ್ಟಾಕ ಜಾಗಾ ಇಲ್ಲ, ಖರೇ. ನೋಡಾಕ ಜಾಗಾ ಬೇಕೇನು? ನಡುವ ಬಾಯಿ ಹಾಕಬ್ಯಾಡ. ಆ ಗುರಣ್ಣ ತಕ್ಕಡಿಗೆ ಹಾಕಿದ. ಖರೇ ರೂಪಾಯಿ ಇದ್ರ ಒಂದು ತೊಲಿ ತೂಗ್ಬೇಕು. ತೂಗಿತು. ಒಂದೀಟು ಕಮ್ಮಿ, ಅದು ಸವದಿದ್ದಕ್ಕ. ಆಮ್ಯಾಲ ಕಣ್ಣಿಗೆ ದೊಡ್ಡದಾಗಿ ಕಾಣೋ ಭಿಂಗ ಸಿಗಿಸ್ಕೊಂಡು ಅಂಚು ನೋಡಿದ. ಎರಕಾ ಹೊಯ್ದ ಖೋಟಾ ಇದ್ರ ಅಂಚಿನ ನಡುವ ಸುತ್ತ ಒಂದು ಗೆರಿ ಇರತೈತಂತ, ಎರಡು ಹೋಳು ಕೂಡಿಸಿದ ಗುರ್ತು. ಮತ್ತ ರಾಣಿ ಮಾರಿ ಮ್ಯಾಲ ಸಣ್ಣ ಸಣ್ಣ ತೂತು, ಸಿಡಬು ಎದ್ದು ಹೋದಂಗ. ನಮ್ಮ ರಾಣಿ ಮಾರಿ ಬೆಣ್ಣಿ. ಗೆರೀನೂ ಇಲ್ಲ, ತೂತೂ ಇಲ್ಲ. ಅಂಚಿನ ಹಲ್ಲು ಎಲ್ಲಾ ಒಂದ ಸಮ.

ಮತ್ತೇನ ಅಂದಾ ಗುರಣ್ಣ? 'ಖರೇ ಅನಸ್ತೈತಿ' ಅಂದಾ. ಅನಸ್ತೈತಿ. ಐತಿ ಅನಲಿಲ್ಲ ನೋಡು ಮಗ. ಆ ಒಂದು ಮಾತಿಗೆ ಮೂರು ದಿನಾ ಆತು, ನನಗ ಅನ್ನಾ ಇಳೀವಲ್ಲದು. ನೀ ಇಂಟರ್ನೆಟ್ಟಿನ್ಯಾಗ ನೋಡಿ, ಐತಿ, ಇಲ್ಲ, ಎರಡರಾಗ ಒಂದು ಹೇಳಿಬಿಡು. ಅಷ್ಟಕ್ಕ ಬಂದೇನಿ ನಾ.

ಹಾಂ, ಥಳಥಳಾ ಅಂತೈತಿ ಅಲ್ಲಾ? ಹುಣಸಿಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕೇನಿ. ಬೆಳಗಿಂದ ಮಧ್ಯಾಹ್ನದತನಾ. ನಾಗರಪಂಚಮಿಗೆ ತಾಮ್ರದ ಕೊಡಾ ಬೆಳಗಿದಂಗ ಬೆಳಗೇನಿ. ...ಯಾಕ ಹಣಿ ಹಣಿ ಬಡ್ಕೊಂತಿ? ತೊಳೀಬಾರದಾ? ತೊಳದ್ರ ಕಿಮ್ಮತ್ತು ಇಳೀತೈತಾ? ಇದ್ಯಾವ ಊರ ನ್ಯಾಯ. ಹೊಲಸು ಇದ್ರ ಜಾಸ್ತಿ ರೊಕ್ಕಾ, ಸ್ವಚ್ಛ ಇದ್ರ ಕಮ್ಮಿ? ಹಂಗಿದ್ರ ನಿಮ್ಮಪ್ಪ ಲಕ್ಷಾಧೀಶ ಆಗ್ಬೇಕಾಗಿತ್ತು, ವಾರಕ್ಕೊಮ್ಮಿ ಜಳಕಾ ಮಾಡ್ತಾನ. ತೊಳೀದ ಬಿಡಾಕ ಬರ್ತಿರಲಿಲ್ಲೋ. ಮ್ಯಾಲ ಬೆಳ್ಳಗ ಏನೋ ಹತ್ತಿತ್ತು, ಗಟ್ಟಿ ಕುಂತಿತ್ತು. ಏನಂತ ನನಗೇನ ಗೊತ್ತು? ಸುಣ್ಣಾ ಇರ್ಬೇಕು.

ಕಿಮ್ಮತ್ತು ನೋಡು ಮೊದಲ. ಸಿಂದಗಿಯೊಳಗ ಒಬ್ಬಾಂವ ಇಂಥಾದ್ದ ಒಂದು ರಾಣಿ ರೂಪಾಯಿ ಇಂಟರ್ನೆಟ್ಟಿನ್ಯಾಗ ಮೂರು ಲಕ್ಷಕ್ಕ ಮಾರ್ಯಾನಂತ. ಕಟಿಂಗ್ ಅಂಗಡಿಯಾಗ ಕೇಳಿದೆ, ಶ್ರಾವಣದಾಗ. ಯಾರು ಹೇಳಿದ್ರು ಅಂದ್ರ ಎಲ್ಲಾರೂ ಹೇಳಿದ್ರು. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಅಷ್ಟ... ಮತ್ತ ಯಾಕ ನಗ್ತಿ? ತೋರಸು, ತೋರಸು, ನಾನೂ ನೋಡ್ತೇನಿ. ಅಬಾಬಾಬಾ, ಎಷ್ಟು ಮಂದಿ ರಾಣೇರೋ ಇವರು! ಸಂತಿಯಾಗ ಬದನಿಕಾಯಿ ಸುರುವಿದಂಗ ಸುರುವ್ಯಾರಲ್ಲೋ. ಕಿಮ್ಮತ್ತು ಎಲ್ಲೈತಿ? ಇದಾ? ನಾಕುನೂರಾ ಐವತ್ತು. ಇದು ನಾಕುನೂರು. ಇದರ ಮುಂದ ಸೊನ್ನಿ ಬಿಟ್ಟಾರೇನು ನೋಡು. ಬಿಟ್ಟಿಲ್ಲಾ?

ನಾಕುನೂರು.

ಖರೇ ಇದ್ರ ನಾಕುನೂರು. ಟೇಪ್ ರಿಕಾರ್ಡರಿಗೆ ನಾ ಎಂಟುನೂರು ಕೊಟ್ಟಿದ್ದೆ.

ಇಲ್ಲ ಇಲ್ಲ, ನನಗ ಏನೂ ಆಗಿಲ್ಲ. ನೀರು ಬ್ಯಾಡ. ನಾಕುನೂರು ಅಂದ್ರೂ ಬಿಡೂದ್ಯಾಕ, ಹಾಕು. ತಗೊಂಡ ಹೋಗು ಅಂತ ಹಾಕು. ಇದು ನನ್ನ ಕಡೆ ಇರೂದ ಬ್ಯಾಡಾಗೈತಿ. ಹಾಕು. ಏನೇನ ಕೇಳ್ತೈತಿ ಅದು, ಓದು.

ಹೆಸರು ನಿಂದ ಬರಿ. ಇಸ್ವಿ ಹೇಳಿದ್ನಲ್ಲಾ. 'ಎಲ್ಲಿಂದ ಬಂತು'? ಅದ್ಯಾಕ ಬೇಕು ಅವರಿಗೆ? ಹುಡುಗಿ ಕೊಡೋರೂ ಇಷ್ಟು ಕೇಳೂದಿಲ್ಲ. ತಗೊಳ್ಳೋರಿಗೆ ನಂಬಿಗಿ ಬರ್ತೈತಾ? ಬರಿ ಹಂಗಾರ... ನಮ್ಮ ಮಾವ ಕೊಟ್ಟಾನ ಅಂತ ಬರಿ. ಮಸೂತಿ ಊರಿನ ಮಾವ, ನಿಮ್ಮತ್ತಿ ಅಪ್ಪ. ಮದುವಿಯೊಳಗ ಕೊಟ್ಟ. ...ಆಂವ ವಾಚ್ ಸುದ್ದಾ ಕೊಡಲಿಲ್ಲ, ನಾ ಹಂದರದಾಗ ಸಿಟ್ಟಾಗಿ ಎದ್ದು ಹೋಗಿದ್ದೆ, ಹೌದು. ಇದು ನಿಮ್ಮವ್ವ ಹೇಳ್ಯಾಳ ನಿನಗ. ಹಂಗಾದ್ರ ಹೊಲದಾಗ ಸಿಕ್ಕೈತಿ ಅಂತ ಬರಿ. ಮಸೂತಿ ಹೊಲದಾಗ ಅಗೀವಾಗ ಸಿಕ್ತು. ಹೊಲದಾಗ ಸಿಕ್ಕದ್ದು ಸರಕಾರದ್ದು ಆಗತೈತಾ? ಹಂಗಾದ್ರ ಸಿಕ್ಕಿಲ್ಲ. ಸಂತಿಯಾಗ ಕೊಂಡೇನಿ ಅಂತ ಬರಿ. ಏನರ ಬರಿಯೋ, ಅವರೇನು ಇಂಗಳೇಶ್ವರಕ್ಕ ಬಂದು ಪಂಚನಾಮಾ ಮಾಡ್ತಾರಾ?

ತಗೋ, ಫೋಟೋ ಹೊಡಿ. ಆ ಮಷಿನ್ ಮ್ಯಾಲ ಇಡ್ಬೇಕಾ, ಬೋರಲಾ? ಆತು, ಇಡು. ಉಜ್ಜಬ್ಯಾಡ ಮತ್ತ, ಈಗ ತಾನ ಹೇಳಿದಿ. ...ಓಹೋ, ಬಂತಲ್ಲೋ! ರಾಣಿ ಮಾರಿ ನಮ್ಮನಿ ರೊಟ್ಟಿಯಷ್ಟು ಆತು. ಸರ, ಕಿರೀಟ, ಕೂದಲೆಳಿ... ಇನ್ನೂ ದೊಡ್ಡದು ಮಾಡ್ತಿ? ಮಾಡು. ಖರೇದ್ದಕ್ಕ ಏನ ಅಂಜಿಕಿ.

ಅಲ್ಲಿ ಯಾಕ ನಿಂತಿ? ಕಿವಿ ಹತ್ರಾ? ಕಚ್ಚು ಅದು. ಕಚ್ಚು ಬಿದ್ದೈತಿ. ಗುದ್ದಲಿ ಪೆಟ್ಟು... ಅಲ್ಲ, ಹೊಲಾ ಬ್ಯಾಡ ಅಂದಿದ್ವಿ. ಮೊದಲ ಇತ್ತು ಅದು. ಹಳೇ ರೂಪಾಯಿಗೆ ಕಚ್ಚು ಬೀಳೂದಿಲ್ಲೇನು? ಮುಂದ ನಡಿ, ಆ ಕಡೆ ಇಸ್ವಿ ತೋರಸು.

ಅರುಣ. ಇಸ್ವಿ ತೋರಸಂದೆ.

ಯಾಕ ಕೈ ತಗದಿ? ಕರೆಂಟ್ ಇರೂತನಾ ಮುಗಸು. ಹೆಂಗ ಕುಂತಿ ನೋಡು, ಹುಣಸಿಗಿಡದಾಗಿನ ಗೂಗಿ ಹಂಗ. ನನ್ನ ಯಾಕ ನೋಡ್ತಿ, ರಾಣಿನ್ನ ನೋಡು. ಆ ಕಚ್ಚು... ಆ ಕಚ್ಚು ನೀ ಎಲ್ಲಿ ನೋಡಿರ್ತಿ? ನೋಡಾಕ ಬರೂದಿಲ್ಲ. ಆಕಿ ಯಾರಿಗೂ ಕೊಡ್ತಿರಲಿಲ್ಲ ಅದನ್ನ. ಸಂಚಿಯೊಳಗ ಎಲಿ ಅಡಿಕಿ ಕೆಳಗ ಇಟ್ಟು, ಸಂಚಿ ಟೊಂಕಕ್ಕ ಸಿಗಿಸ್ಕೊಂಡು... ಆಕಿ ಅಂದ್ರ, ಯಾರೋ. ಯಾರಿಲ್ಲ.

ನಿನಗ ಕೊಡ್ತಿದ್ಲು.

ಹೌದಲ್ಲ. ನಿನಗ ಕೊಡ್ತಿದ್ಲು. ಜ್ವರಾ ಬಂದ್ರ ನಿನ್ನ ಹಣಿ ಮ್ಯಾಲ ತಣ್ಣಗ ಇಡ್ತಿದ್ಲು. ನೀ ಐದಾರು ವರ್ಷದಾಂವ, ಅದನ್ನ ಒಳಕಲ್ಲಿನ್ಯಾಗ ಇಟ್ಟು ಗುಂಡಲೇ ಕುಟ್ಟಿದಿ. ರಾಣಿ ಕಿವಿಗೆ ಓಲಿ ಮಾಡ್ತೇನಿ ಅಂದಿದ್ದಿ. ನಾವೆಲ್ಲಾರೂ ಬೈದ್ರ ನಮ್ಮವ್ವ, ನಿಮ್ಮ ಆಯಿ, ನಕ್ಕಿದ್ಲು. ಮರ್ತಬಿಟ್ಟಿದ್ದೆ ನೋಡು ನಾ. ಬಾಗೇವಾಡಿಯೊಳಗ ನಾಕು ಇಂಟರ್ನೆಟ್ ಅಂಗಡಿ ಅದಾವ. ತಾಸಿಗೆ ಇಪ್ಪತ್ತು ರೂಪಾಯಿ ಉಳೀತೈತಿ ಅಂತ ನಿನ್ನ ಕಡೇನ ಬಂದೆ.

ಏನರ ಅನ್ನು ಮತ್ತ. ಬೈ. ಅಪ್ಪಗ ಹುಟ್ಟೀಯಾ ಅಂತ ಕೇಳು.

ಕಿಸೆದಾಗಿಂದ ಫೋನ್ ತಗೀಬ್ಯಾಡ, ಅರುಣ. ವಿಜಿಗೆ ಬ್ಯಾಡ. ವಿಜಿನ ತನ್ನ ಕೈಲೆ ಹಚ್ಚ್ಯಾಳ ಅದನ್ನ. ಬೆಳ್ಳನ್ನ ಈಬತ್ತಿ ಕಲಿಸಿ, ಅವ್ವನ ಹಣಿಗೆ ದಪ್ಪಗ ಬಳದು, ಅದರ ಮ್ಯಾಲ ಇದನ್ನ ಒತ್ತಿದ್ಲು. ಸತ್ತು ಹೋಗೋರ ಹಣಿಗೆ ಒಂದು ರೂಪಾಯಿ ಹಚ್ಚಿ ಕಳಸೂದು ಪದ್ಧತಿ, ಯಾವ ರೂಪಾಯಿ ಆದ್ರೂ ನಡೀತೈತಿ. ಅವ್ವ ಕೇಳಲಿಲ್ಲ. ಬಾಯಿ ಬಿದ್ದು ಹೋಗೂ ಮುಂದನ ಹೇಳಿದ್ಲು, 'ನಮ್ಮಪ್ಪ ಕೊಟ್ಟ ರೂಪಾಯಿ ಹಚ್ಚರಿ, ಈ ಮನಿಯೊಳಗ ನನ್ನದು ಅಂತ ಇದ್ದದ್ದು ಇದೊಂದ.' ನೀ ಕಾಲ ಕಡೆ ಕುಂತಿದ್ದಿ. ನೀನೂ ಕೇಳಿದಿ.

ಮಣ್ಣು ಕೊಡೂ ಮುಂದ ಕುಣಿಯೊಳಗ ಇಳದಾಂವ ನಾನ. ಮಗ ಅಲ್ಲಾ, ಅವ್ವನ್ನ ಒಳಗ ಕುಂಡ್ರಸಾಕ ನಾನ ಇಳೀಬೇಕು. ಮ್ಯಾಲ ಎಲ್ಲಾರೂ ಅಳಾಕತ್ತಿದ್ರು, ಯಾರ ಕಣ್ಣಿಗೂ ಏನೂ ಕಾಣತಿರಲಿಲ್ಲ. ನನ್ನ ತಲಿಯೊಳಗ ಸಿಂದಗಿಯಾಂವ ಕುಂತಿದ್ದ. ಮೂರು ಲಕ್ಷ ಮಣ್ಣಾಗ ಹುಗೀತಾರಾ, ಅಂದಾ. ಕಿಸೆದಾಗ ಬಸ್ಸಿನ ಚಿಲ್ಲರ ಇತ್ತು. ಅದರಾಗಿನ ಒಂದು ರೂಪಾಯಿ ಹಚ್ಚಿದೆ, ಇದನ್ನ ತಗದೆ. ಪದ್ಧತಿ ತಪ್ಪಿಸಿಲ್ಲ ನೋಡು, ರೂಪಾಯಿಗೆ ರೂಪಾಯಿ ಇಟ್ಟೇನಿ. ...ನಗೋ. ಈಗ ನಗಬೇಕು ನೀ. ಇಷ್ಟೊತ್ತು ನಗಬ್ಯಾಡ ಅಂದ್ರ ನಗ್ತಿದ್ದಿ.

ಅಳಬ್ಯಾಡೋ ಹಂಗಾರ. ಮಂದಿ ನೋಡ್ತಾರ.

ಇಷ್ಟು ದಿನಾ ಖರೇ ಇರಲಿ, ಖರೇ ಇರಲಿ ಅಂತ ದೇವರಿಗೆ ಕೈ ಮುಗದೇನಿ. ಈಗ ಒಂದು ಮಾತು ಕೇಳ್ತೇನಿ, ನಿನ್ನ ಕಾಲು ಬೀಳ್ತೇನಿ. ಖೋಟಾ ಐತಿ ಅನ್ನು. ಇಂಟರ್ನೆಟ್ಟಿನ್ಯಾಗ ನೋಡಿದೆ ಮಾಮಾ, ಖೋಟಾ ಐತಿ, ಯಾರೋ ಆಯಿ ಅಪ್ಪಗ ಟೋಪಿ ಹಾಕ್ಯಾರ, ಅಂತ ಅನ್ನು. ಖೋಟಾ ಇದ್ರ ಆಕಿದು ನಾ ಏನೂ ತಗೊಂಡಂಗ ಆಗಲಿಲ್ಲ. ನಾ ಇಟ್ಟದ್ದರ ಖರೇ ರೂಪಾಯಿ, ಸರಕಾರದ್ದು, ಅಂಗಡಿಯಾಗ ನಡೀತೈತಿ. ಹೌದಿಲ್ಲೋ? ನೀ ಸುಳ್ಳಾದ್ರೂ ಅನ್ನು. ಬ್ಯಾರೇದವ್ರು ಅಂದ್ರ ನಾ ನಂಬಾಂಗಿಲ್ಲ, ನೀ ಅಂದ್ರ ನಂಬ್ತೇನಿ.

ಅನ್ನೋ ಅರುಣ.

ಅನ್ನೂದಿಲ್ಲಾ?

...ಹಂಗಾದ್ರ ಖರೇನ ಐತಿ.