ಅಪ್ಪನಿಗೆಂದು ಇಟ್ಟ ಮೀಸೆ

ಒಂದು ಊರು. ಆ ಊರಿಗೊಬ್ಬ ಮೈಕ್‌ಸೆಟ್ಟಿನವನು. ಹೆಸರು ಚೆಲುವರಾಜು ಅಂತಿಟ್ಟುಕೊಳ್ಳಿ. ಮದುವೆಯಿರಲಿ, ನಾಮಕರಣವಿರಲಿ, ಅವನ ಮೈಕಿನಿಂದ ಮೊದಲು ಹೊರಡುತ್ತಿದ್ದದ್ದು ಗಣಪತಿಯ ಪದವಲ್ಲ, ಒಬ್ಬ ದೊಡ್ಡ ನಟನ ಹಾಡು. ಆ ನಟನಿಗೆ ಯಾವ ಉಪ್ಪಿನಕಾಯಿ ಇಷ್ಟ, ಯಾವ ಭುಜ ನೋಯುತ್ತದೆ, ಎಲ್ಲವೂ ಇವನಿಗೆ ಬಾಯಿಪಾಠ.

ಒಂದು ಬೆಳಗ್ಗೆ ಆ ನಟ ತೀರಿಕೊಂಡ ಎಂಬ ಸುದ್ದಿ ಬಂತು. ಚೆಲುವರಾಜು ಅಂಗಡಿ ಬಾಗಿಲೆಳೆದು ಅತ್ತ. ನಿಜವಾದ ಅಳು, ತೋರಿಕೆಯದಲ್ಲ. ಅತ್ತರೂ ಎದೆ ಹಗುರಾಗಲಿಲ್ಲ. ಈ ದುಃಖವನ್ನು ಎಲ್ಲಿಡಬೇಕು? ನೆಂಟನಾಗಿದ್ದರೆ ಹೆಗಲು ಕೊಡಬಹುದಿತ್ತು, ಹಿಡಿ ಮಣ್ಣು ಹಾಕಬಹುದಿತ್ತು. ಇವನಿಗೆ ಯಾವ ಹಕ್ಕಿದೆ? ದಿಕ್ಕು ತೋಚದೆ ಕ್ಷೌರದಂಗಡಿಗೆ ಹೋಗಿ ಕೂತ. ತಲೆ ಬೋಳಿಸಿದ್ದಾಯಿತು. ಕ್ಷೌರದವನು ಕತ್ತಿ ತಡೆದು ಕೇಳಿದ:

“ಮೀಸೆ ಬಿಡ್ಲಾ ಅಣ್ಣಾ? ನಿಮ್ಮಪ್ಪಾರು ಇನ್ನೂ ಅವ್ರಲ್ಲಾ?”

“ಅದ್ನೂ ತೆಗಿ.”

ನೋಡಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಿರುಪತಿಗೆ ಮುಡಿ ಕೊಟ್ಟು ಬಂದವನೂ ಅಪ್ಪ ಇರುವವರೆಗೆ ಮೀಸೆ ಮುಟ್ಟಿಸುವುದಿಲ್ಲ ನಮ್ಮ ಕಡೆ.

ಪಕ್ಕದೂರಿನ ಸೋದರತ್ತೆ ಬಸ್ಸಿನ ಕಿಟಕಿಯಿಂದ ಅವನನ್ನು ಕಂಡಳು. ಬೋಳು ತಲೆ, ಬೋಳು ಮೂತಿ, ಕೆಂಪು ಕಣ್ಣು. ಇನ್ನೇನು ಕೇಳಬೇಕು? ಬಸ್ಸಿಳಿದವಳೇ ಅಣ್ಣನ ಮನೆಗೆ ಓಡಿ, ಬಾಗಿಲಲ್ಲೇ ಕುಸಿದು ಹಾಡಿಕೊಂಡು ಅಳತೊಡಗಿದಳು.

“ಗಂಡನ ಮನೆಯೋರು ಆಚೆ ಹಾಕ್ದಾಗ ಕರ್ಕಂಡ್ ಬಂದ್ಯಲ್ಲೋ ಅಣ್ಣಯ್ಯಾ! ಮಗನಿಗೆ ಮಲತಾಯಿ ಬ್ಯಾಡ ಅಂತ ಒಪ್ಪಿದ ಹೆಣ್ಣನ್ನೇ ಬಿಟ್ಯಲ್ಲೋ! ತಾಯಿಲ್ಲದ ಕೂಸು ಮಲಗ್ಲಿ ಅಂತ, ಬಾಯೇ ಬಿಡದೋನು ಜೋಗುಳ ಕಲ್ತ್ಯಲ್ಲೋ!”

ಹಿತ್ತಿಲಿಂದ ಮುದುಕ ಕೈ ಒರೆಸಿಕೊಳ್ಳುತ್ತಾ ಬಂದ. “ಯಾರಮ್ಮಾ ಹೋದೋರು?”

ಅವಳಿಗೆ ಅಳು ನಿಲ್ಲಿಸಲೂ ಆಗಲಿಲ್ಲ, ಮುಂದುವರಿಸಲೂ ಆಗಲಿಲ್ಲ. “ನೀನೇ ಅಲ್ವಾ ಅಣ್ಣಯ್ಯಾ?”

“ನಂಗ್ಯಾರೂ ಹೇಳ್ಲಿಲ್ಲವಲ್ಲಮ್ಮಾ!”

ನಗುತ್ತೀರಿ. ನಗಿ. ಆದರೆ ಚೆಲುವರಾಜು ನಗಲಿಲ್ಲ. ಅತ್ತೆಯ ಹಿಂದೆಯೇ ಬಂದು ಬೀದಿಯಲ್ಲಿ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಜೋಗುಳವೇ? ಅಪ್ಪನೇ? ಅವನಿಗದು ಗೊತ್ತೇ ಇರಲಿಲ್ಲ.

ಮುದುಕನ ಕಣ್ಣು ಮಗನ ಬೋಳು ಮೂತಿಯ ಮೇಲೆ ಬಿತ್ತು. “ಯಾರಿಗೆ ತೆಗುಸ್ದೆ ಮಗಾ?”

ಮಗ ನಟನ ಹೆಸರು ಹೇಳಿದ.

“ಒಳ್ಳೇ ಮನುಷ್ಯ. ಅಳು, ಬ್ಯಾಡ ಅನ್ನಾಕಿಲ್ಲ. ಆದ್ರೆ ಅದು ನಂಗೆ ಅಂತ ಇಟ್ಟಿದ್ದಲ್ವಾ?”

ಚೆಲುವರಾಜುವಿಗೆ ಮತ್ತೆ ಅಳು ಬಂತು. ಈಗ ಅಳುತ್ತಿರುವುದು ಯಾರಿಗಾಗಿ? ಸತ್ತವನಿಗೋ, ಎದುರಿಗೆ ನಿಂತವನಿಗೋ? ಅವನಿಗೇ ತಿಳಿಯಲಿಲ್ಲ. “ಅದ್ಯಾವ ಜೋಗುಳ ಅಪ್ಪಾ?” ಎಂದಷ್ಟೇ ಕೇಳಿದ. “ಈಗ್ಯಾಕಪ್ಪಾ ಅದೆಲ್ಲಾ,” ಎಂದು ಮುದುಕ ನಾಚಿದ. ಮಗ ಬಿಡಲಿಲ್ಲ, ಪಕ್ಕದಲ್ಲೇ ಕೂತು ಕೇಳುತ್ತಲೇ ಇದ್ದ.

ಈಗ ಹೇಳಿ. ಅವನು ನಟನಿಗಾಗಿ ಅತ್ತದ್ದು ತಪ್ಪೇ? ತಪ್ಪು ಅನ್ನಲು ನನಗೆ ಬಾಯಿ ಬರದು. ಹಾಡಿ ನಮ್ಮ ದಣಿವು ಕಳೆದವನ ಋಣ ಇಲ್ಲವೇ? ಇದೆ. ಹಾಗಂತ ಪೂರ್ತಿ ಸರಿ ಅನ್ನಲೂ ಮನಸ್ಸು ಒಪ್ಪುತ್ತಿಲ್ಲ. ಇಷ್ಟು ಮಾತ್ರ ಗೊತ್ತು. ಕಲಾವಿದ ಸತ್ತ ದಿನ ನೀವೆಲ್ಲ ಫೋನಿನಲ್ಲಿ ಅವನ ಪಟ ಹಾಕುತ್ತೀರಿ, ಕೆಳಗೆ ಕೈಮುಗಿಯುತ್ತೀರಿ. ಮುಗಿಯಿರಿ. ಮುಗಿದ ಮೇಲೆ ಆ ಫೋನನ್ನು ಕೆಳಗಿಡಿ. ಇವತ್ತು ಕಥೆ ಮುಗಿದು ಗುಡಿಯ ಪ್ರಸಾದ ತೆಗೆದುಕೊಂಡು ಮನೆಗೆ ಹೋದವರೇ ಟೀವಿ ಹಾಕಬೇಡಿ. ಹಿರಿಯರ ಪಕ್ಕ ಕೂತು ಕೇಳಿ: ನಾನು ಕೂಸಾಗಿದ್ದಾಗ ನೀನು ಏನು ಹಾಡುತ್ತಿದ್ದೆ? ನಾಚಿಕೊಂಡರೆ ನಾಳೆಯೂ ಕೇಳಿ. ಅವರ ಬದುಕನ್ನು ಯಾರೋ ಬಾಗಿಲಲ್ಲಿ ಕೂತು ಹಾಡಿಕೊಂಡು ಅಳುವಾಗ ಮೊದಲ ಸಲ ಕೇಳಿಸಿಕೊಳ್ಳಬೇಡಿ. ಚೆಲುವರಾಜುವಿನ ಪುಣ್ಯ, ಅವನಪ್ಪ ಹಿತ್ತಿಲಿಂದ ಎದ್ದು ಬಂದ. ನಿಮ್ಮಪ್ಪ ಬರುವುದಿಲ್ಲ.