ಎದುರಾಳಿಗೆ ಹಿಡಿದ ಕುರ್ಚಿ

ನಗರಸಭೆಯ ಅಹವಾಲು ಸಭೆಗೆ ಆರು ಕುರ್ಚಿ ಸಾಕು ಎಂದು ಸಾಹೇಬರು ಹೇಳಿದ್ದರು. ಅವನ್ನು ಒರೆಸುತ್ತಿದ್ದ ಅಟೆಂಡರನಿಗೆ, ಒಂದು ಗಂಟೆ ಮೊದಲೇ ಬಂದು ಕೂತಿದ್ದ ನಿವೃತ್ತ ಕಂಪೌಂಡರು ಮತ್ತು ಅವರ ಸೊಸೆಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಆ ಕುರ್ಚಿ ಮೇಲೆ ಕರ್ಚೀಫು ಯಾಕೆ ಮಾವ?”

“ಅವನಿಗೆ. ಆಸ್ಪತ್ರೆ ಬಸ್ಸು ರದ್ದು ಮಾಡ್ಬೇಕು ಅಂತ ನಲವತ್ತು ದಿನದಿಂದ ಫೋನಲ್ಲಿ, ನಗರಸಭೆ ಪೇಜಲ್ಲಿ ವಾದ ಮಾಡ್ತಿದಾನಲ್ಲ. ಇವತ್ತು ಮುಖಾಮುಖಿ.”

“ಅವನು ಬರಲ್ಲ. ಅದು ಎಐ.”

“ನಿನ್ನೆ ‘ನಿಮ್ಮ ನೋವು ಅರ್ಥವಾಗುತ್ತದೆ’ ಅಂತ ಬರೆದ ಕಣಮ್ಮ.”

“ನಿಮ್ಮ ಜೊತೆ ನಲವತ್ತು ದಿನ ವಾದ ಮಾಡಿ ಒಂದ್ಸಲಾನೂ ಬೈದಿಲ್ಲ ಅಂದ್ರೆ ಮನುಷ್ಯ ಹೇಗಾಗ್ತಾನೆ? ನಿಮ್ಮ ಮಗನೇ ಐದು ನಿಮಿಷ ತಡೆಯಲ್ಲ.”

ಮಾವ ಕರ್ಚೀಫಿನ ಮಡಿಕೆ ಸರಿಮಾಡಿದರು.

“ಅವನ ಕಡೆ ನಾನೂರು ಜನ ಬರೆದಿದ್ರಲ್ಲ?”

“ಅವೂ ಅದೇ. ಎಲ್ಲಾ ಒಂದೇ ದಿನ ಹುಟ್ಟಿದ ಖಾತೆಗಳು, ನೋಡಿದೆ.”

“ಹಾಗಾದ್ರೆ ಗೆದ್ವಿ ಬಿಡು.”

“ಎಲ್ಲಿ ಗೆದ್ವಿ? ಆ ನಾನೂರೂ ಪ್ರಿಂಟಾಗಿ ಸಾಹೇಬರ ಫೈಲಲ್ಲಿ ಕೂತಿವೆ. ಬಸ್ಸು ಬೇಕು ಅಂತ ಬರೆದೋರು ನೀವೊಬ್ರೇ. ಬಸ್ಸು ನಿಂತ್ರೆ ಅತ್ತೆ ಡಯಾಲಿಸಿಸ್‌ಗೆ ಹೇಗೆ ಹೋಗ್ತಾರೆ?”

“ಆ ಬಸ್ಸಲ್ಲಿ ಓಡಾಡೋರೆಲ್ಲ ಎಲ್ಲಿ ಸತ್ರು?”

“ಅವರಿಗೆ ಬರೆಯೋಕೆ ಪುರುಸೊತ್ತೆಲ್ಲಿ? ಇನ್ನು ಹತ್ತು ನಿಮಿಷಕ್ಕೆ ಆಸ್ಪತ್ರೆಯಿಂದ ವಾಪಸ್ ಬರೋ ಬಸ್ಸು ಈ ಗೇಟಿನ ಮುಂದೇನೇ ನಿಲ್ಲುತ್ತೆ. ತುಂಬಿ ತುಳುಕ್ತಿರುತ್ತೆ.”

ಮಾವ ಎದ್ದು ಕರ್ಚೀಫನ್ನು ಕೊಡವಿ ಜೇಬಿಗೆ ತುರುಕಿಕೊಂಡರು.

“ನಡಿ, ಅವರನ್ನೆಲ್ಲ ಇಳಿಸ್ಕೊಂಡು ಬರೋಣ. ಆ ನಾನೂರಕ್ಕೆ ಕೂರೋಕಂತೂ ಆಗಲ್ಲ.”

ಬಾಗಿಲಲ್ಲಿ ನಿಂತು ಅಟೆಂಡರನ ಕಡೆ ತಿರುಗಿದರು.

“ಆರು ಕುರ್ಚಿ ಸಾಲಲ್ಲ ಕಣಪ್ಪ. ಒಳಗಿರೋದನ್ನೆಲ್ಲ ತಂದು ಹಾಕು.”